ಪಾಠದ ಹೊತ್ತಲ್ಲಿ ಮೊಬೈಲ್ ಬುಟ್ಟಿಗೆ ಹಾಕಿಸಿದೆ. ತಪ್ಪು ಮಾಡಿದೆನಾ?

ಮಾಳಮಡ್ಡಿ ತಂಬೂರಿ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನೆಯಲ್ಲೇ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಹದಿನಾಲ್ಕು ಮಕ್ಕಳು ಬರುತ್ತಾರೆ. ಹೋದ ವಾರದ ಒಂದು ವಿಷಯ ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ.

ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಭೈರವ ರಾಗ ಶುರು ಮಾಡಿದ್ದೆ. ಅದರ ಕೋಮಲ ರಿಷಭ, ಅಂದರೆ ತಗ್ಗಿಸಿದ ರೇ ಸ್ವರ, ಹಾಡಿ ತೋರಿಸುತ್ತಿದ್ದೆ. ಅವನ ಕಣ್ಣು ತೊಡೆಯ ಮೇಲಿದ್ದ ಮೊಬೈಲಿನಲ್ಲಿತ್ತು. ಸ್ವರ ಅಳೆಯುವ ಟ್ಯೂನರ್ ಆಪ್ ಹಾಕಿಕೊಂಡಿದ್ದ. ಅದರ ಮುಳ್ಳು ಆ ಕಡೆ ಈ ಕಡೆ ಓಡುತ್ತಿತ್ತು. "ಅಕ್ಕೋರ, ನಿಮ್ಮ ರೇ ತಪ್ಪು ಅಂತ ತೋರಸಾಕತ್ತೇತಿ" ಅಂದ.

ಸಿಟ್ಟು ಬರಲಿಲ್ಲ, ಆದರೆ ತುಂಬಾ ಬೇಜಾರಾಯಿತು. ಭೈರವದ ರಿಷಭ ಒಂದೇ ಕಡೆ ನಿಲ್ಲುವುದಿಲ್ಲ. ಅದು ತೊಟ್ಟಿಲಿನ ಹಾಗೆ ತೂಗಬೇಕು. ಆ ತೂಗಾಟ ಕಿವಿಗೆ ಬೀಳಲಿ ಅಂತಲೇ ಹತ್ತು ಸಲ ಹಾಡಿದ್ದೆ. ಅವನಿಗೆ ಕಂಡಿದ್ದು ಮುಳ್ಳು ಮಾತ್ರ.

ಇವತ್ತು ಬಾಗಿಲ ಬಳಿ ರೊಟ್ಟಿ ಬುಟ್ಟಿ ಇಟ್ಟೆ. "ಎಲ್ಲರೂ ಮೊಬೈಲ್ ಇದರಲ್ಲಿ ಹಾಕಿ ಒಳಗೆ ಬನ್ನಿ" ಅಂದೆ. ಮಕ್ಕಳು ಹಾಕಿದರು. ಆ ಹುಡುಗನ ತಂದೆಗೆ ಸಿಟ್ಟು ಬಂತು. "ರೆಕಾರ್ಡ್ ಮಾಡದಿದ್ದರೆ ಮನೆಯಲ್ಲಿ ಏನು ಪ್ರಾಕ್ಟೀಸ್ ಮಾಡಿಸಲಿ? ನಮಗೆ ಹಾಡು ಬರುತ್ತದಾ?" ಎಂದು ಮಗನನ್ನು ಕರೆದುಕೊಂಡು ಹೋಗಿಬಿಟ್ಟರು. ಹುಡುಗ ಗೇಟಿನವರೆಗೂ ತಿರುಗಿ ತಿರುಗಿ ನೋಡುತ್ತಿದ್ದ.

ಕಲಿಸುವವರು, ಕಲಿಯುವವರು, ಅಪ್ಪ-ಅಮ್ಮಂದಿರು, ಎಲ್ಲರೂ ಹೇಳಿ. ನಾನು ಮಾಡಿದ್ದು ಸರಿಯಾ?

ಲೈನ್ ಬಜಾರ | ರಾತ್ರಿ 10:52

ನೂರಕ್ಕೆ ನೂರು ಸರಿ. ಬುಟ್ಟಿ ತೆಗೆಯಬೇಡಿ.

ತಿರಕಿಟ | ರಾತ್ರಿ 10:58

ಸರಿ ಮಾಡಿದಿರಿ ಅಕ್ಕೋರೇ. ನಾನು ಹುಬ್ಬಳ್ಳಿಯಲ್ಲಿ ತಬಲಾ ಕಲಿಸುತ್ತೇನೆ. ನನ್ನ ಹುಡುಗರು ಬೆರಳು ನೋಡುವುದನ್ನೂ ಬಿಟ್ಟಿದ್ದಾರೆ. ಕಾಯದಾ (ತಬಲಾ ಬೋಲುಗಳ ಪಾಠ) ಹೇಳುವ ಮೊದಲೇ ಮೊಬೈಲ್ ನಿಲ್ಲಿಸುತ್ತಾರೆ. ರೆಕಾರ್ಡ್ ಆಗುತ್ತಿದೆಯಲ್ಲ, ಮನೆಗೆ ಹೋಗಿ ಕೇಳಿದರಾಯಿತು ಅಂತ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಒಬ್ಬನ ಮೊಬೈಲಿನಲ್ಲಿ 200ಕ್ಕಿಂತ ಜಾಸ್ತಿ ಫೈಲ್ ಇದ್ದವು. "ಇದರಲ್ಲಿ ಎಷ್ಟು ಕೇಳಿದ್ದೀಯಪ್ಪಾ?" ಅಂದೆ. ತಲೆ ತಗ್ಗಿಸಿದ.

ಉಣಕಲ್ ಕೆರೆ ದಂಡೆ | ರಾತ್ರಿ 11:05

ನಾನು ತಾಯಿ. ಆ ತಂದೆಯ ಪರವಾಗಿ ಯಾರಾದರೂ ಮಾತಾಡಬೇಕಲ್ವಾ?

ನನ್ನ ಮಗಳು ವಾರಕ್ಕೆ ಎರಡು ದಿನ ಪಾಠಕ್ಕೆ ಹೋಗುತ್ತಾಳೆ. ಉಳಿದ ಐದು ದಿನ ಅವಳನ್ನು ಕೂರಿಸುವವಳು ನಾನು. ನನಗೆ ಸಾ ಪಾ ಗೊತ್ತಿಲ್ಲ. ಅವಳು ಹಾಡಿದ್ದು ಸರಿಯೋ ತಪ್ಪೋ ಹೇಗೆ ಹೇಳಲಿ? ಅಕ್ಕೋರ ದನಿ ಮೊಬೈಲಿನಲ್ಲಿದ್ದರೆ ಅದನ್ನು ಹಾಕಿ, "ಇದರ ಹಾಗೆ ಬರುತ್ತಿದೆಯಾ ನೋಡು" ಅನ್ನಬಹುದು. ಮನೆತನದಲ್ಲೇ ಸಂಗೀತ ಇರುವವರಿಗೆ ಬುಟ್ಟಿ ಇಡುವುದು ಸುಲಭ. ನಮ್ಮಂಥವರಿಗೆ ಅದೊಂದೇ ದಾರಿ.

ಲೈನ್ ಬಜಾರ | ರಾತ್ರಿ 11:16

ತಂಗೀ, ಬೇಜಾರಾಗಬೇಡ. ಆದರೆ ಮೊದಲು ಇವೆಲ್ಲ ಇರಲಿಲ್ಲ. ಗಂಗೂಬಾಯಿ ಹಾನಗಲ್ಲರು ಧಾರವಾಡದಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು. ಕೇಳಿದ್ದು ತಲೆಯಲ್ಲಿ ನಿಂತರೆ ನಿಂತಿತು. ಇಲ್ಲದಿದ್ದರೆ ಮತ್ತೆ ಹೋಗಬೇಕು.

ಕುಂದಗೋಳ ಕ್ರಾಸ್ | ರಾತ್ರಿ 11:19

ಕಾಕಾ, ಒಂದು ತಿದ್ದುಪಡಿ. ಅವರು ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಕುಂದಗೋಳಕ್ಕೆ ಹೋಗುತ್ತಿದ್ದುದು ಹುಬ್ಬಳ್ಳಿಯಿಂದ.

ಲೈನ್ ಬಜಾರ | ರಾತ್ರಿ 11:21

ಹೌದು, ಹುಬ್ಬಳ್ಳಿಯಿಂದ. ತಪ್ಪು ಬರೆದೆ.

ಚಿಗರಿ ಬಸ್ಸಿನವ | ರಾತ್ರಿ 11:30

ನಾನು ಎಂಜಿನಿಯರ್. ಹದಿನೈದು ವರ್ಷ ಗಾಯನ ಕಲಿತಿದ್ದೇನೆ. ಟ್ಯೂನರ್ ವಿಷಯ ಬಂದಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಹುಡುಗನಿಗೂ ಯಾರಾದರೂ ಹೇಳಬೇಕು.

ಇಂಥ ಆಪ್‌ಗಳಲ್ಲಿ ಹೆಚ್ಚಿನವು ಗಿಟಾರ್, ಕೀಬೋರ್ಡ್‌ಗೆ ಮಾಡಿದ್ದು. ಅವು ಒಂದು ಸಪ್ತಕವನ್ನು ಸರಿಯಾಗಿ ಹನ್ನೆರಡು ಸಮ ಭಾಗ ಮಾಡುತ್ತವೆ. ಒಂದೊಂದು ಭಾಗಕ್ಕೆ 100 ಸೆಂಟ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ (ಗ) ಷಡ್ಜದಿಂದ (ಸಾ) 400 ಸೆಂಟ್ ದೂರ. ಈಗ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮುಂದೆ ಕೂತು ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ತಗ್ಗಿನ ಸಾ ತಂತಿ, ಮಾತ್ರ ಮೀಟಿ. ಸುಮ್ನೆ ಕೇಳಿ. ಸ್ವಲ್ಪ ಹೊತ್ತಿಗೆ ಅದರೊಳಗಿಂದ ಗಾಂಧಾರ ತಾನಾಗಿ ಕೇಳಿಸುತ್ತದೆ. ಯಾರೂ ಅದನ್ನು ಮೀಟಿರುವುದಿಲ್ಲ. ತಂತಿ ಅದುರುವಾಗ ಮೂಲ ನಾದದ ಐದು ಪಟ್ಟಿನ ನಾದವೂ ಹುಟ್ಟುತ್ತದೆ. ಅದೇ ಈ ಗಾಂಧಾರ. ಅದನ್ನು ಒಂದೇ ಸಪ್ತಕಕ್ಕೆ ಇಳಿಸಿ ಅಳೆದರೆ ಸುಮಾರು 386 ಸೆಂಟ್‌ನಲ್ಲಿ ಇರುತ್ತದೆ. ಅಂದರೆ ಕೀಬೋರ್ಡಿನ ಗಾಂಧಾರಕ್ಕಿಂತ 14 ಸೆಂಟ್ ಕೆಳಗೆ.

ತಂಬೂರಿಗೆ ಸೇರಿಸಿ ಹಾಡಿದರೆ ಆಪ್ "ಕಡಿಮೆ ಆಯಿತು" ಅನ್ನುತ್ತದೆ. ಆಪ್‌ಗೆ ಸೇರಿಸಿ ಹಾಡಿದರೆ ತಂಬೂರಿಯ ಜತೆ ಕೂಡುವುದಿಲ್ಲ. ಭೈರವದ ರಿಷಭ ಆಂದೋಲನದ, ಅಂದರೆ ತೂಗಾಡುವ, ಸ್ವರ. ಮುಳ್ಳು ಓಡಾಡಲೇಬೇಕು. ಓಡಾಡದಿದ್ದರೆ ಹಾಡುವವರು ತಪ್ಪು.

ಸೆಕೆಂಡ್ ಪಿಯುಸಿ | ರಾತ್ರಿ 11:34

ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಿಂದ ಆಪ್ ನೋಡಿ ಗಾಂಧಾರ ತಿದ್ದುತ್ತಿದ್ದೇನೆ.

ತಿರಕಿಟ | ರಾತ್ರಿ 11:37

ಹಾಗಾದರೆ ಕೀಬೋರ್ಡಿನ ಹಾಗೇ ಇರುವ ಹಾರ್ಮೋನಿಯಂ ಕೂಡ ಬುಟ್ಟಿಗೆ ಹಾಕಬೇಕು ಅಂತೀರಾ?

ಚಿಗರಿ ಬಸ್ಸಿನವ | ರಾತ್ರಿ 11:41

ಆ ಜಗಳ ಹಳೆಯದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಮಾಡಿತ್ತು. ನಮ್ಮ ಧಾರವಾಡ ಕೇಂದ್ರ ಶುರುವಾಗಿದ್ದು 1950ರಲ್ಲಿ. ಅಂದರೆ ಮೊದಲ ಇಪ್ಪತ್ತು ವರ್ಷ ಇಲ್ಲಿಂದಲೂ ಹಾರ್ಮೋನಿಯಂ ಸಾಥ್ (ಪಕ್ಕವಾದ್ಯ) ಇರಲಿಲ್ಲ. ಸಾರಂಗಿ ಇತ್ತು. ನನಗೆ ಹಾರ್ಮೋನಿಯಂ ಮೇಲೆ ಸಿಟ್ಟಿಲ್ಲ. ಒಳ್ಳೆಯ ಸಾಥಿದಾರರು ಗಾಯಕರನ್ನು ಕೇಳಿಕೊಂಡು, ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿರುತ್ತಾರೆ. ಆಪ್‌ಗೆ ಅದು ಬರುವುದಿಲ್ಲ.

ಹಾವೇರಿ ಏಲಕ್ಕಿ | ಸೋಮವಾರ, ಬೆಳಿಗ್ಗೆ 6:15

ರಾತ್ರಿಯೆಲ್ಲ ಇಷ್ಟು ಮಾತಾಗಿದೆ! ನಾನು ಹಾವೇರಿಯಲ್ಲಿರುತ್ತೇನೆ. ನನ್ನ ಗುರುಗಳು ಧಾರವಾಡದಲ್ಲಿ. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಎರಡು ಸಣ್ಣ ಮಕ್ಕಳಿದ್ದಾರೆ. 2020ರಲ್ಲಿ ಲಾಕ್‌ಡೌನ್ ಆದಾಗ ಆನ್‌ಲೈನ್ ಪಾಠ ಶುರುವಾಯಿತು, ಇವತ್ತಿಗೂ ನಡೆದಿದೆ. ಮೊಬೈಲ್ ಇಲ್ಲದಿದ್ದರೆ ನಾನು ಮೂವತ್ತಾರನೇ ವಯಸ್ಸಿನಲ್ಲಿ ಸಂಗೀತ ಕಲಿಯುತ್ತಲೇ ಇರಲಿಲ್ಲ. ಅದನ್ನು ಬೈಯುವಾಗ ನಮ್ಮಂಥವರನ್ನೂ ನೆನಪಿಡಿ.

ಒಂದು ಅನುಭವ ಹೇಳುತ್ತೇನೆ. ಮೊದಲು ವಿಡಿಯೊ ಹಾಕಿಕೊಂಡು ಕಲಿಯುತ್ತಿದ್ದೆ. ಗುರುಗಳ ಹಿಂದಿನ ಕಪಾಟು, ನನ್ನದೇ ಮುಖ, ಮೇಲೆ ಬರುವ ಮೆಸೇಜು, ಎಲ್ಲ ನೋಡುತ್ತಿದ್ದೆ. ಒಂದು ದಿನ ನೆಟ್ ಸರಿ ಇರಲಿಲ್ಲ, ವಿಡಿಯೊ ಬಂದ್ ಮಾಡಿದೆವು. ದನಿ ಮಾತ್ರ. ಅವತ್ತು ಗುರುಗಳು ಉಸಿರು ತೆಗೆದುಕೊಳ್ಳುವ ಜಾಗ ಮೊದಲ ಸಲ ಕೇಳಿಸಿತು. ಬಂದಿಶಿನ (ರಾಗದಲ್ಲಿ ಕಟ್ಟಿದ ಹಾಡಿನ) ಎರಡನೇ ಸಾಲು ನನಗೆ ಯಾಕೆ ಒಡೆಯುತ್ತಿತ್ತು ಅಂತ ಆಗ ತಿಳಿಯಿತು. ಅವತ್ತಿನಿಂದ ಮೊಬೈಲನ್ನು ಬೋರಲು ಹಾಕಿಯೇ ಕಲಿಯುತ್ತೇನೆ.

ತಿರಕಿಟ | ಬೆಳಿಗ್ಗೆ 7:02

ಅಕ್ಕಾ, ಗಾಯನಕ್ಕೆ ಹೇಗೋ ನಡೆಯುತ್ತದೆ. ತಬಲಾಕ್ಕೆ ಆನ್‌ಲೈನ್ ಬಹಳ ಕಷ್ಟ. ನಾನು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಧಾ ಹಾಕಿದರೆ ಆ ಕಡೆ ತಡವಾಗಿ ಮುಟ್ಟುತ್ತದೆ. ಅವರು ಅದಕ್ಕೆ ಸೇರಿಸಿ ಹಾಡಿದರೆ ನನಗೆ ಇನ್ನೂ ತಡ. ಇಬ್ಬರೂ ಕೂಡಿ ಒಂದು ಆವರ್ತನವೂ ಮುಗಿಸಲು ಆಗುವುದಿಲ್ಲ. ಕೂಡಿ ನುಡಿಸುವುದು ಅಂದರೆ ಒಬ್ಬರನ್ನೊಬ್ಬರು ಅದೇ ಕ್ಷಣ ಕೇಳುವುದಲ್ವಾ?

ಇನ್ನೊಂದು ಮುಖ್ಯ. ಜೂಮ್‌ನಲ್ಲಿ ಕಲಿಯುವವರು "ಒರಿಜಿನಲ್ ಸೌಂಡ್" ಅನ್ನುವ ಸೆಟ್ಟಿಂಗ್ ಹಾಕಿಕೊಳ್ಳಿ. ಇಲ್ಲದಿದ್ದರೆ ಒಂದೇ ಸಮ ಬರುವ ಸದ್ದನ್ನೆಲ್ಲ ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ. ತಂಬೂರಿ ಒಂದೇ ಸಮ ಬರುತ್ತದಲ್ಲ, ಅದನ್ನೂ ಅಳಿಸುತ್ತದೆ.

ಹಾವೇರಿ ಏಲಕ್ಕಿ | ಬೆಳಿಗ್ಗೆ 7:10

ಇದನ್ನು ಇವತ್ತೇ ಮಾಡುತ್ತೇನೆ ಸರ್. ತಂಬೂರಿ ಬಂದು ಬಂದು ನಿಲ್ಲುತ್ತಿತ್ತು. ನಮ್ಮ ನೆಟ್ ಅಂತ ತಿಳಿದಿದ್ದೆ.

ಕುಂದಗೋಳ ಕ್ರಾಸ್ | ಬೆಳಿಗ್ಗೆ 9:20

ಎಲ್ಲರೂ ಯಂತ್ರವನ್ನೇ ಬೈಯುತ್ತಿದ್ದೀರಿ. ಭೀಮಸೇನ ಜೋಶಿಯವರನ್ನು ಮನೆ ಬಿಡಿಸಿದ್ದೇ ಒಂದು ಯಂತ್ರ. ಹುಡುಗನಿದ್ದಾಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡ್ ಕೇಳಿದರು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಹೊರಟುಬಿಟ್ಟರು. ಗಂಗೂಬಾಯಿಯವರೂ ಸಣ್ಣವರಿದ್ದಾಗ ಗ್ರಾಮಫೋನ್ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರು. ಆಗಿನ ಗ್ರಾಮಫೋನೇ ಈಗಿನ ಮೊಬೈಲ್. ತಪ್ಪು ಯಂತ್ರದ್ದಲ್ಲ.

ಲೈನ್ ಬಜಾರ | ಬೆಳಿಗ್ಗೆ 9:41

ತಮ್ಮಾ, ಒಳ್ಳೆಯ ಮಾತು. ಆದರೆ ವ್ಯತ್ಯಾಸ ನೋಡು. ಆ ರೆಕಾರ್ಡಿನ ಒಂದು ಮಗ್ಗುಲಲ್ಲಿ ಮೂರೂವರೆ ನಿಮಿಷ ಹಾಡು. ಅದೂ ಬೇರೆಯವರ ಅಂಗಡಿಯಲ್ಲಿ. ಮುಗಿಯುತ್ತದೆ ಅಂತ ಗೊತ್ತಿದ್ದೇ ಕೇಳಬೇಕು. ಹುಡುಗ ನಿಂತಲ್ಲೇ ನಿಂತು ಕೇಳಿರುತ್ತಾನೆ.

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ರೇಡಿಯೊದಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಅಪ್ಪ ಒಂಬತ್ತಕ್ಕೇ ಊಟ ಮುಗಿಸಿಬಿಡುತ್ತಿದ್ದರು. ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಬೇಕು. ನಾವು ಕೆಮ್ಮಿದರೆ ಹೊರಗೆ. ತಪ್ಪಿಸಿಕೊಂಡರೆ ಅದು ಮತ್ತೆ ಬರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಇದ್ದರಂತೂ ಅಕ್ಕಪಕ್ಕದವರೂ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಈಗ ನನ್ನ ಮೊಬೈಲಿನಲ್ಲಿ ಅವರ ಹಾಡಿಕೆ ಎಷ್ಟೋ ತಾಸು ಇದೆ. ಆದರೆ ಆ ರಾತ್ರಿಗಳ ಹಾಗೆ ಒಂದು ದಿನವೂ ಕೂತು ಕೇಳಿಲ್ಲ. ಇದನ್ನು ಬರೆಯುವಾಗ ಸಂಕಟವಾಗುತ್ತಿದೆ.

ಬೇಂದ್ರೆ ಭವನದ ಹತ್ತಿರ | ಬೆಳಿಗ್ಗೆ 9:55

ಕಾಕಾ, ನೀವು ಪೇಢೆಗೆ ಹೆಸರಾದ ಲೈನ್ ಬಜಾರಿನವರಾದರೆ ಒಂದು ಪ್ರಶ್ನೆ. ಮಳೆಗಾಲದಲ್ಲಿ ಪೇಢೆ ಎಷ್ಟು ದಿನ ಇಡಬಹುದು? ಬೆಂಗಳೂರಿಗೆ ಕಳಿಸಬೇಕು.

ಲೈನ್ ಬಜಾರ | ಬೆಳಿಗ್ಗೆ 9:58

ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ಕಳಿಸಿ. ನಾಲ್ಕು ದಿನದೊಳಗೆ ತಿನ್ನಲು ಹೇಳಿ.

ಸೆಕೆಂಡ್ ಪಿಯುಸಿ | ಮಧ್ಯಾಹ್ನ 1:30

ನಾನು ಹೇಳುವುದನ್ನು ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ. ನನಗೆ ಹದಿನೇಳು ವರ್ಷ. ನಾನೂ ರೆಕಾರ್ಡ್ ಮಾಡುತ್ತೇನೆ. ಸೋಮಾರಿತನಕ್ಕಲ್ಲ, ಭಯಕ್ಕೆ. ನಮ್ಮ ಸರ್ ಹತ್ತಿರ ಒಂದು ತಾನ (ಬೇಗ ಬೇಗ ಹಾಡುವ ಸ್ವರಗಳ ಸಾಲು) ಎರಡು ಸಲ ಕೇಳಿದರೆ "ಗಮನ ಎಲ್ಲಿದೆ?" ಅನ್ನುತ್ತಾರೆ. ಮೂರನೇ ಸಲ ಕೇಳಲು ಧೈರ್ಯ ಬರುವುದಿಲ್ಲ. ಮೊಬೈಲ್ ಐವತ್ತು ಸಲ ಹೇಳುತ್ತದೆ, ಸಿಟ್ಟು ಮಾಡುವುದಿಲ್ಲ.

ಇನ್ನೊಂದು ಮಾತು. ನಾವು ಹಾಡುವಾಗ ಸರ್ ಕೂಡ ಮೊಬೈಲ್ ನೋಡುತ್ತಿರುತ್ತಾರೆ. ವಾಟ್ಸಾಪ್ ಬಂದರೆ ಟೈಪ್ ಮಾಡುತ್ತಲೇ "ಹಾಂ, ಮುಂದೆ" ಅನ್ನುತ್ತಾರೆ. ಒಂದು ದಿನ ನಾನು ಬೇಕಂತಲೇ ಮಾರವಾದಲ್ಲಿ ಪಂಚಮ ಹಚ್ಚಿದೆ. "ಹಾಂ, ಮುಂದೆ" ಅಂದರು. ಅವತ್ತು ಮನೆಗೆ ಹೋಗಿ ಅತ್ತೆ.

ಹಾವೇರಿ ಏಲಕ್ಕಿ | ಮಧ್ಯಾಹ್ನ 1:36

ಅಯ್ಯೋ ಮಗಾ.

ಚಿಗರಿ ಬಸ್ಸಿನವ | ಮಧ್ಯಾಹ್ನ 1:40

ಗೊತ್ತಿಲ್ಲದವರಿಗೆ: ಮಾರವಾ ರಾಗದಲ್ಲಿ ಪಂಚಮವೇ ಇಲ್ಲ. ಕಲಿಸುವವರ ಕಿವಿ ಅಲ್ಲಿದ್ದರೆ ಅದು ತಪ್ಪಿಹೋಗಲು ಸಾಧ್ಯವೇ ಇಲ್ಲ.

ತಿರಕಿಟ | ಮಧ್ಯಾಹ್ನ 1:52

ತಂಗೀ, ಬೇರೆ ಗುರುಗಳನ್ನು ನೋಡು ಅಂತ ಹೇಳಲು ಬಾಯಿಗೆ ಬರುತ್ತಿದೆ. ಆದರೆ ಮೊದಲು ನನ್ನನ್ನೇ ಕೇಳಿಕೊಳ್ಳಬೇಕು. ಪಾಠದ ನಡುವೆ ಎಷ್ಟು ಫೋನ್ ಎತ್ತಿದ್ದೇನೋ! ಕಾರ್ಯಕ್ರಮದ ಕರೆ ಬಂದರೆ ಬಿಡಲು ಆಗುವುದಿಲ್ಲ, ಹೊಟ್ಟೆಪಾಡು. ಹುಡುಗರಿಗೆ ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿರಲಿಲ್ಲ.

ಗದಗಿನ ಗಾಳಿ | ಸಂಜೆ 5:10

ನಾನು ಹುಟ್ಟಿನಿಂದ ಕುರುಡ. ಇದನ್ನು ಮೊಬೈಲಿಗೆ ಹೇಳಿ ಬರೆಸುತ್ತಿದ್ದೇನೆ, ನಿಮ್ಮ ಮಾತುಗಳನ್ನೂ ಅದೇ ಓದಿ ಹೇಳಿತು. ಅಕ್ಷರ ತಪ್ಪಿದ್ದರೆ ಕ್ಷಮಿಸಿ. ಬುಟ್ಟಿಗೆ ಮೊಬೈಲ್ ಹಾಕು ಅಂದರೆ ನನಗೆ ಕೋಲು ಬಿಟ್ಟು ಬಾ ಅಂದ ಹಾಗೆ. ಆದರೂ ನಾನು ಅಕ್ಕೋರ ಕಡೆಗೇ ಇದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 1944ರಲ್ಲಿ ಗುರುಗಳು ಹೋದ ಮೇಲೆ 2010ರವರೆಗೆ ಪುಟ್ಟರಾಜರು ಆಶ್ರಮ ನಡೆಸಿದರು. ಹಾಡಿಕೆ, ಹಾರ್ಮೋನಿಯಂ, ತಬಲಾ, ಸಾರಂಗಿ, ಎಷ್ಟೊಂದು ವಾದ್ಯ ಅವರ ಕೈಯಲ್ಲಿ! ಬರೆದುಕೊಂಡು ನೋಡಿ ಹಾಡುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಎಲ್ಲ ಬಂದದ್ದು ಕಿವಿಯಿಂದ.

ನನ್ನ ಗುರುಗಳು ಒಂದು ಸಾಲು ಹಾಡುತ್ತಿದ್ದರು. ನಾನು ತಕ್ಷಣ ಹಾಡಲು ಹೋದರೆ ತೊಡೆ ಮುಟ್ಟಿ ನಿಲ್ಲಿಸುತ್ತಿದ್ದರು. "ಇನ್ನೂ ನನ್ನ ದನಿ ಮುಗದಿಲ್ಲ" ಅನ್ನುತ್ತಿದ್ದರು. ಬಾಯಿ ಮುಚ್ಚಿದ ಮೇಲೂ ಕೋಣೆಯಲ್ಲಿ ಸ್ವರ ಇರುತ್ತದೆ. ಅದು ತಂಬೂರಿಯೊಳಗೆ ಇಳಿಯುವವರೆಗೆ ಕಾಯಬೇಕು. ಆಮೇಲೆ ನನ್ನ ಸರದಿ. ನಾನು ಹಾಡುವಾಗ ಅವರು ಹಾಗೆಯೇ ಕೇಳುತ್ತಿದ್ದರು. ಅದು ನನಗೆ ಕಾಣುತ್ತಿರಲಿಲ್ಲ, ಗೊತ್ತಾಗುತ್ತಿತ್ತು. ಅವರ ಬಳೆ ಸದ್ದು ನಿಂತಿರುತ್ತಿತ್ತು.

ನಾನೂ ರೆಕಾರ್ಡ್ ಮಾಡುತ್ತೇನೆ. ಪಾಠ ಮುಗಿದ ಮೇಲೆ, ಐದು ನಿಮಿಷ. ಗುರುಗಳದ್ದಲ್ಲ, ನನ್ನದು. ಅವತ್ತು ಕಲಿತದ್ದನ್ನು ನಾನು ಹಾಡುತ್ತೇನೆ, ಅವರು ನಡುವೆ ತಿದ್ದುತ್ತಾರೆ. ಮನೆಗೆ ಹೋಗಿ ಕೇಳಿದರೆ ನನ್ನ ತಪ್ಪೂ ಇರುತ್ತದೆ, ತಿದ್ದಿದ್ದೂ ಇರುತ್ತದೆ.

ಪಿಯುಸಿ ಓದುವ ತಂಗಿಗೆ: ನಿನ್ನ ಕಿವಿ ಚೆನ್ನಾಗಿದೆ. ಯಾರೂ ಕೇಳದಿದ್ದಾಗಲೂ ನಿನಗೆ ನಿನ್ನ ತಪ್ಪು ಪಂಚಮ ಕೇಳಿಸಿತಲ್ಲ.

ಉಣಕಲ್ ಕೆರೆ ದಂಡೆ | ಸಂಜೆ 5:24

ಅಣ್ಣಾ, ಕೊನೆಯ ಐದು ನಿಮಿಷದ ವಿಷಯ ನನಗೆ ಒಪ್ಪಿಗೆ. ಅಕ್ಕೋರ ತಿದ್ದುವ ದನಿ ಅದರಲ್ಲಿದ್ದರೆ ನನಗೂ ಮನೆಯಲ್ಲಿ ಸಾಕು. ಒಂದು ತಾಸಿನ ರೆಕಾರ್ಡ್ ನಾನೂ ಕೇಳಿಲ್ಲ, ಮಗಳೂ ಕೇಳಿಲ್ಲ.

ಕುಂದಗೋಳ ಕ್ರಾಸ್ | ಸಂಜೆ 5:40

ಒಪ್ಪುತ್ತೇನೆ. ಆದರೆ ದೊಡ್ಡವರ ಬಂದಿಶ್‌ಗಳನ್ನು ರೆಕಾರ್ಡ್ ಮಾಡಿ ಇಡಲೇಬೇಕು ಅಂತ ನನ್ನ ಹಟ. ಎಷ್ಟೋ ಚೀಜುಗಳು ಗುರುಗಳ ಜತೆಗೇ ಹೋಗಿಬಿಟ್ಟಿವೆ. ಅದು ಬೇರೆ ದಿನ, ಬೇರೆ ಕೆಲಸ. ಪಾಠದ ದಿನ ಅಲ್ಲ.

ಮಾಳಮಡ್ಡಿ ತಂಬೂರಿ | ಸೋಮವಾರ, ರಾತ್ರಿ 9:30

ಎಲ್ಲವನ್ನೂ ಎರಡು ಸಲ ಓದಿದೆ. ಸೆಕೆಂಡ್ ಪಿಯುಸಿ ಬರೆದದ್ದು ಓದಿ ನಿನ್ನೆಯ ಪಾಠ ನೆನಪಾಯಿತು. ಮಕ್ಕಳ ಮೊಬೈಲ್ ಬುಟ್ಟಿಯಲ್ಲಿತ್ತು. ನನ್ನದು ನನ್ನ ಪಕ್ಕದಲ್ಲೇ ಇತ್ತು, ತಂಬೂರಿ ಆಪ್‌ಗಾಗಿ. ಒಬ್ಬಳು ಪಲ್ಟಾ (ಸ್ವರಗಳ ಅಭ್ಯಾಸ) ಹಾಡುವಾಗ ನನ್ನ ತಂಗಿಯ ಮೆಸೇಜ್ ಬಂತು, ಓದಿದೆ. ಅವಳು ಏನು ಹಾಡಿದಳು ಅಂತ ಈಗ ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ. ಇದು ನನ್ನ ತಪ್ಪು.

ನಾಳೆ ಆ ತಂದೆಗೆ ನಾನೇ ಫೋನ್ ಮಾಡುತ್ತೇನೆ.

ಚಿಗರಿ ಬಸ್ಸಿನವ | ರಾತ್ರಿ 9:44

ಅಕ್ಕೋರೇ, ಮೊಬೈಲ್ ಸ್ಪೀಕರಿನಲ್ಲಿ ತಂಬೂರಿ ಹಾಕುವುದಕ್ಕೆ ಇನ್ನೊಂದು ತೊಂದರೆ ಇದೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಂಡಸರ ಖರ್ಜ ಸುಮಾರು 69 ಹರ್ಟ್ಸ್. ಅಷ್ಟು ತಗ್ಗಿನ ನಾದ ಆ ಸಣ್ಣ ಸ್ಪೀಕರಿನಿಂದ ಸರಿಯಾಗಿ ಬರುವುದೇ ಇಲ್ಲ. ಮಕ್ಕಳು ತೆಳ್ಳನೆಯ ಸದ್ದಿಗೆ ಸೇರಿಸಲು ನೋಡುತ್ತಾರೆ. ಮನೆಯಲ್ಲಿ ನಿಜವಾದ ತಂಬೂರಿ ಇದೆಯಾ?

ಮಾಳಮಡ್ಡಿ ತಂಬೂರಿ | ರಾತ್ರಿ 9:50

ಇದೆ. ತಂಬೂರಿ ಮಾಡುವ ಊರು ಮೀರಜಿನದು. ನಮ್ಮ ಅಜ್ಜಿ ಹಾಡುತ್ತಿದ್ದರು. ಗವಸು ತೆಗೆಯದೆ ಮೂರು ವರ್ಷ ಆಯಿತು.

ಲೈನ್ ಬಜಾರ | ರಾತ್ರಿ 9:53

ತೆಗೆಯಿರಿ ಅಕ್ಕೋರೇ.

ಮಾಳಮಡ್ಡಿ ತಂಬೂರಿ | ಮುಂದಿನ ಭಾನುವಾರ, ಮಧ್ಯಾಹ್ನ 12:20

ಏನಾಯಿತು ಅಂತ ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಹುಡುಗ ಬಂದ. ತಂದೆಯೂ ಬಂದರು. "ನೀವೂ ಒಳಗೆ ಕೂತುಕೊಳ್ಳಿ" ಅಂದೆ. ಬುಟ್ಟಿಗೆ ಮೊದಲು ನನ್ನ ಮೊಬೈಲ್ ಹಾಕಿದೆ. ಅವರು ಒಂದು ಕ್ಷಣ ನೋಡಿ ತಮ್ಮದನ್ನೂ ಹಾಕಿದರು. ಇಬ್ಬರು ಮಕ್ಕಳು ಈ ವಾರ ಬಂದಿಲ್ಲ. ಕಾರಣ ಹೇಳಿಲ್ಲ. ಬುಟ್ಟಿಯ ಕಾರಣಕ್ಕೇ ಇರಬಹುದು.

ಅಜ್ಜಿಯ ತಂಬೂರಿ ತೆಗೆದೆ. ಶ್ರುತಿ ಮಾಡಲು ಅರ್ಧ ತಾಸು ಹಿಡಿಯಿತು. ಮೊದಲಾಗಿದ್ದರೆ ಪಾಠದ ಹೊತ್ತು ಹಾಳಾಯಿತು ಅನ್ನುತ್ತಿದ್ದೆ. ಇವತ್ತು ಮಕ್ಕಳನ್ನು ಸುತ್ತ ಕೂರಿಸಿಕೊಂಡೇ ಮಾಡಿದೆ. ಒಂದೇ ಸ್ವರದ ನಡುವಿನ ಎರಡು ತಂತಿ ಕೂಡಿದಾಗ ಒಂದು ಹುಡುಗಿ "ಅಕ್ಕೋರ, ಈಗ ಒಂದೇ ಆತು" ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಭೈರವ. ಹುಡುಗನಿಗೆ ಕಣ್ಣು ಮುಚ್ಚಲು ಹೇಳಿದೆ. "ನಾನು ರೇ ಹಾಡುತ್ತೇನೆ, ಅದು ಹೇಗೆ ಹೋಗುತ್ತದೋ ಹಾಗೆ ಕೈ ಆಡಿಸು" ಅಂದೆ. ಮೊದಲ ಸಲ ಕೈ ನೆಟ್ಟಗೆ ನಿಂತಿತು. ನಾಲ್ಕನೇ ಸಲ ಕೈ ಮೆಲ್ಲಗೆ ತೂಗಿತು. ಆಮೇಲೆ ಅವನು ಹಾಡಿದ. ಪೂರ್ತಿ ಸರಿ ಇರಲಿಲ್ಲ, ಆದರೆ ತೂಗಿತು. ತಂದೆ ಗೋಡೆಗೆ ಒರಗಿ ಕೂತಿದ್ದರು. ಅವರ ಕೈಯೂ ಮೊಣಕಾಲ ಮೇಲೆ ಆಡುತ್ತಿತ್ತು.

ಕೊನೆಯ ಐದು ನಿಮಿಷ ರೆಕಾರ್ಡ್ ಮಾಡಿಕೊಟ್ಟೆ, ಗದಗಿನ ಅಣ್ಣ ಹೇಳಿದ ಹಾಗೆ.

ಈಗ ಒಂದು ಸಹಾಯ ಬೇಕು. ತಂಬೂರಿಯ ಖರ್ಜದ ತಂತಿಗೆ ಜವಾರಿ, ಅಂದರೆ ಝೇಂಕಾರ, ಸರಿಯಾಗಿ ಬರುತ್ತಿಲ್ಲ. ತಂತಿಯ ಕೆಳಗಿನ ನೂಲು ಎಷ್ಟು ಸರಿಸಿದರೂ ಬಡ್ಡಾಗಿ ನುಡಿಯುತ್ತದೆ. ಕುದುರೆ (ತಂತಿಗಳು ಒರಗುವ ಪಟ್ಟಿ) ಸವೆದಿರಬೇಕು. ಮೀರಜಿಗೇ ಒಯ್ಯಬೇಕಾ?

ತಿರಕಿಟ | ಮಧ್ಯಾಹ್ನ 12:31

ಈಗಲೇ ಮೀರಜಿಗೆ ಒಯ್ಯಬೇಡಿ. ನಮ್ಮ ಕೇಶ್ವಾಪುರದ ಹತ್ತಿರ ಸಿತಾರ್ ರಿಪೇರಿ ಮಾಡುವ ಹಿರಿಯರಿದ್ದಾರೆ. ಕುದುರೆ ಕಾನಸು ಹಿಡಿದು ಉಜ್ಜುವುದರಲ್ಲಿ ಒಳ್ಳೆಯ ಕೈ. ಉಜ್ಜುತ್ತಾರೆ, ಮೀಟುತ್ತಾರೆ, ಮತ್ತೆ ಉಜ್ಜುತ್ತಾರೆ. ಬುಧವಾರ ಕರೆದುಕೊಂಡು ಬರಲಾ?

ಮಾಳಮಡ್ಡಿ ತಂಬೂರಿ | ಮಧ್ಯಾಹ್ನ 12:35

ಬುಧವಾರ ಬೇಡ ಸರ್, ಭಾನುವಾರ ಕರೆದುಕೊಂಡು ಬನ್ನಿ. ಮಕ್ಕಳು ಇರುತ್ತಾರೆ.

ಸೆಕೆಂಡ್ ಪಿಯುಸಿ | ಮಧ್ಯಾಹ್ನ 12:36

ಅಕ್ಕೋರೇ, ನಾನೂ ಬರಬಹುದಾ?

ಮಾಳಮಡ್ಡಿ ತಂಬೂರಿ | ಮಧ್ಯಾಹ್ನ 12:37

ಬಾ ಮಗಾ. ಎಂಟು ಗಂಟೆಗೆ. ಮಾರವಾ ಸಂಜೆ ರಾಗ ಇರಲಿ, ನಿನ್ನದು ಒಂದು ಸಲ ಬೆಳಿಗ್ಗೆಯೇ ಕೇಳುತ್ತೇನೆ.